ಮಾದರಿ ರೈಲು ಲೇಔಟ್‌ಗೆ ಕಾಂಕ್ರೀಟ್ ತಡೆಗೋಡೆ: ನೀರು ಹರಿದ ದಾರಿಯಲ್ಲೇ ಬಣ್ಣ ಹಾಕಿ

ಎಷ್ಟೋ ಲೇಔಟ್‌ಗಳಲ್ಲಿ ಹಳಿ, ಎಂಜಿನ್, ಮರಗಿಡ ಎಲ್ಲವೂ ಸೊಗಸಾಗಿರುತ್ತವೆ. ಗುಡ್ಡದ ಪಕ್ಕದ ತಡೆಗೋಡೆ ಮಾತ್ರ ರಟ್ಟಿಗೆ ಬೂದು ಬಣ್ಣ ಬಳಿದು ನಿಲ್ಲಿಸಿದ ಹಾಗೆ ಕಾಣುತ್ತದೆ. ಮಾಡಿದವರು ಸೋಮಾರಿಗಳೇನಲ್ಲ. ಗೋಡೆ ಕಟ್ಟಲು ಒಂದು ವಾರ ಕೂತಿರುತ್ತಾರೆ, ಬಣ್ಣಕ್ಕೆ ಮಾತ್ರ ಅರ್ಧ ಗಂಟೆ ಕೊಟ್ಟಿರುತ್ತಾರೆ. ಈ ಲೆಕ್ಕ ತಿರುಗಬೇಕು. ಗೋಡೆ ಕಟ್ಟುವುದು ಸುಲಭ, ಅದಕ್ಕೆ ವಯಸ್ಸು ತರುವುದು ಕಷ್ಟ.

ಅಂದ ಹಾಗೆ, ತಡೆಗೋಡೆ ಬರೀ ಅಲಂಕಾರವಲ್ಲ. ಸಡಿಲ ಮಣ್ಣಿನ ಇಳಿಜಾರು ಕುಸಿಯದೆ ನಿಲ್ಲಬೇಕಾದರೆ ಸಾಮಾನ್ಯವಾಗಿ ಎತ್ತರದ ಒಂದೂವರೆ ಪಟ್ಟು ಅಗಲ ಬೇಕು. ಅಂದರೆ ಲೇಔಟ್‌ನಲ್ಲಿ 10 ಸೆಂ.ಮೀ. ಎತ್ತರದ ಗುಡ್ಡ ಇಳಿಸಲು 15 ಸೆಂ.ಮೀ. ಜಾಗ ಹೋಗುತ್ತದೆ. ಗೋಡೆ ಕಟ್ಟಿದರೆ ಆ ಜಾಗದಲ್ಲಿ ಇನ್ನೂ ಎರಡು ಹಳಿ ಹಾಕಬಹುದು.

ಮೊದಲು ಅಳತೆ

ಮಾದರಿ ನಿಜದ್ದಕ್ಕಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದೇ ಸ್ಕೇಲ್. ಎಚ್‌ಓ ಸ್ಕೇಲ್ 1:87. ಅಲ್ಲಿ ನಿಜದ 1 ಮೀಟರ್ ಅಂದರೆ 11.5 ಮಿ.ಮೀ. ಎನ್ ಸ್ಕೇಲ್ 1:160, ಅಲ್ಲಿ 6.25 ಮಿ.ಮೀ. ಆರು ಮೀಟರ್ ಎತ್ತರದ ಗೋಡೆ ಎಚ್‌ಓದಲ್ಲಿ 69 ಮಿ.ಮೀ. ಆಗುತ್ತದೆ. ಇಲ್ಲಿಂದ ಮುಂದೆ ಎಲ್ಲಾ ಅಳತೆಯನ್ನೂ ಎಚ್‌ಓಗೇ ಹೇಳುತ್ತೇನೆ.

ಜಾಗ ಗುರುತು ಮಾಡುವ ಮುನ್ನ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಆ ಹಳಿಯ ಮೇಲೆ ಕೈಯಿಂದ ತಳ್ಳಿ ನೋಡಿ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ. ಗೋಡೆ ನಿಂತ ಮೇಲೆ ಇದು ಗೊತ್ತಾದರೆ ಒಡೆಯುವುದೊಂದೇ ದಾರಿ.

ಅಚ್ಚು ಮತ್ತು ಎರಕ

ಪ್ಲಾಸ್ಟಿಕ್ ಶೀಟ್‌ನಲ್ಲೂ ಗೋಡೆ ಮಾಡಬಹುದು. ಆದರೆ ನನ್ನ ಸಲಹೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದು ಬಣ್ಣವನ್ನು ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಮೇಲೆ ಬಣ್ಣ ಸುಮ್ನೆ ಮೇಲ್ಪದರವಾಗಿ ಕೂರುತ್ತದೆ. ಹತ್ತಿರದಿಂದ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಹಳೇ ಗೋಡೆಗಳ ಮೈಮೇಲೆ ಸೆಂಟ್ರಿಂಗ್ ಹಲಗೆಗಳ, ಅಂದರೆ ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆಗಳ ಅಚ್ಚು ಉಳಿದಿರುತ್ತದೆ. 15 ಸೆಂ.ಮೀ. ಅಗಲದ ಹಲಗೆ ಅಂದರೆ ನಮಗೆ 1.7 ಮಿ.ಮೀ. ಸುಮಾರು ಅಷ್ಟೇ ಅಗಲದ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದು ಶೀಟ್ ಮೇಲೆ ಅಡ್ಡಡ್ಡಲಾಗಿ ಅಂಟಿಸಿ. ನಡುವೆ ಕೂದಲೆಳೆಯಷ್ಟು ಸಂದು ಬಿಡಿ. ಅಸಲಿ ಕಾಂಕ್ರೀಟ್ ಸುರಿಯುವಾಗ ಸಿಮೆಂಟ್ ಹಾಲು ಹಲಗೆಗಳ ಸಂದಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಗೋಡೆಯ ಮೇಲೆ ಉಳಿಯುವುದು ತೆಳುವಾದ ಉಬ್ಬು ಗೆರೆ, ತಗ್ಗು ಗೆರೆಯಲ್ಲ. ಶೀಟ್ ಮೇಲೆ ಚಾಕುವಿನಿಂದ ಗೆರೆ ಕೊರೆಯುವವರು ಇದನ್ನೇ ತಪ್ಪಿಸಿಕೊಳ್ಳುತ್ತಾರೆ.

ಮರದ ಪಟ್ಟಿ ಬಳಸಬೇಡಿ. ನಿಜವಾದ ಮರದ ಎಳೆ ಈ ಸ್ಕೇಲ್‌ಗೆ ತುಂಬಾ ದಪ್ಪ. ಪ್ಲಾಸ್ಟಿಕ್ ಪಟ್ಟಿಯನ್ನೇ ಒರಟು ಸ್ಯಾಂಡ್‌ಪೇಪರ್ ಮೇಲೆ ಒಮ್ಮೆ ಉದ್ದಕ್ಕೆ ಎಳೆದರೆ ಸಾಕು.

ಅಚ್ಚಿನ ಸುತ್ತ 7 ಮಿ.ಮೀ. ಎತ್ತರದ ಅಂಚು ಕಟ್ಟಿ. ಉದ್ದ 100 ಮಿ.ಮೀ. ಇರಲಿ, ಅದು ನಿಜದ ಒಂಬತ್ತು ಮೀಟರ್‌ಗೆ ಹತ್ತಿರ. ಉದ್ದದ ಕಾಂಕ್ರೀಟ್ ಗೋಡೆಯಲ್ಲಿ ನಡುನಡುವೆ ಮೇಲಿಂದ ಕೆಳಗಿನವರೆಗೆ ಕೀಲು ಬಿಡುತ್ತಾರೆ. ಬಿಸಿಲಿಗೆ ಹಿಗ್ಗಲು, ಚಳಿಗೆ ಕುಗ್ಗಲು ಜಾಗ ಬೇಕಲ್ವಾ? ಒಂದೊಂದು ಎರಕವೂ ಒಂದೊಂದು ಕೀಲಿನಿಂದ ಇನ್ನೊಂದು ಕೀಲಿನವರೆಗಿನ ತುಂಡು ಎಂದುಕೊಳ್ಳಿ.

ಒಂದು ಪಾಲು ನೀರಿಗೆ ಸುಮಾರು ಎರಡು ಪಾಲು ಪ್ಲಾಸ್ಟರ್ ಪುಡಿ. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹೊಯ್ದರೆ ಗಂಟಾಗುತ್ತದೆ. ಅಚ್ಚಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ಸುರಿದು, ಮೇಜನ್ನು ಒಂದೆರಡು ನಿಮಿಷ ತಟ್ಟಿ. ಗುಳ್ಳೆಗಳು ಮೇಲೆ ಬರುತ್ತವೆ. ಎರಕ ಬಿಸಿಯಾಗಿ ಮತ್ತೆ ತಣ್ಣಗಾದ ಮೇಲೆ ಬಿಡಿಸಿ. ಉಳಿದ ಪ್ಲಾಸ್ಟರನ್ನು ಸಿಂಕ್‌ಗೆ ಮಾತ್ರ ಸುರಿಯಬೇಡಿ, ಪೈಪ್‌ನಲ್ಲಿ ಕಲ್ಲಾಗಿ ಕೂರುತ್ತದೆ. ಎರಡು ದಿನ ಒಣಗಲಿ.

ಒಣಗಿದ ಮೇಲೆ 1 ಮಿ.ಮೀ. ಡ್ರಿಲ್ ಬಿಟ್‌ನಿಂದ ನೀರು ಹೋಗುವ ತೂತು ಕೊರೆಯಿರಿ. ನೆಲದಿಂದ ಸ್ವಲ್ಪ ಮೇಲೆ ಒಂದು ಸಾಲು, ತೂತಿಂದ ತೂತಿಗೆ 25ರಿಂದ 30 ಮಿ.ಮೀ. ಇದನ್ನು ಮರೆಯಬೇಡಿ. ಮಣ್ಣಿನಲ್ಲಿ ನಿಂತ ನೀರು ಹೊರಗೆ ಹೋಗದಿದ್ದರೆ ಅದರ ಒತ್ತಡಕ್ಕೇ ಗೋಡೆ ಉರುಳುತ್ತದೆ. ಮುಂದಿನ ಹಂತಕ್ಕೂ ಈ ತೂತುಗಳೇ ಆಧಾರ.

ಸ್ಪ್ರೇ ಡಬ್ಬಿಗಳಲ್ಲಿ ಬರುವ ‘ಕಲ್ಲಿನ ಮೈ’ ಬಣ್ಣದ ಬಗ್ಗೆ ಒಂದು ಮಾತು. ಅದರಲ್ಲಿ 1 ಮಿ.ಮೀ. ಕಾಳು ಇದ್ದರೆ ಎಚ್‌ಓದಲ್ಲಿ ಅದು 87 ಮಿ.ಮೀ. ಕಲ್ಲು. ಈ ಸ್ಕೇಲ್‌ನಲ್ಲಿ ಕಾಂಕ್ರೀಟ್ ಕಣ್ಣಿಗೆ ನುಣುಪಾಗಿಯೇ ಕಾಣಬೇಕು. ದುಡ್ಡು ಉಳಿಸಿ.

ಎಲ್ಲರೂ ಎಡವುವ ಜಾಗ: ಬಣ್ಣ

ಕಾಂಕ್ರೀಟ್ ಬೂದು ಎಂದು ನಮ್ಮ ತಲೆಯಲ್ಲಿ ಕೂತಿದೆ. ಹೋಗಿ ಒಂದು ಹಳೇ ಗೋಡೆಯ ಮುಂದೆ ನಿಂತು ನೋಡಿ. ಬಿಳಿ ಕಾಗದವನ್ನು ಅದರ ಪಕ್ಕ ಹಿಡಿಯಿರಿ. ಮರಳಿನ ಛಾಯೆ, ಒಣ ಮಣ್ಣಿನ ಛಾಯೆ, ನಸು ಹಳದಿ, ಎಲ್ಲವೂ ಅಲ್ಲಿರುತ್ತವೆ. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ತನ್ನ ಸಿಮೆಂಟ್‌ಗೆ ಪೇಟೆಂಟ್ ಪಡೆದಾಗ ಇಟ್ಟ ಹೆಸರು ಪೋರ್ಟ್‌ಲ್ಯಾಂಡ್ ಸಿಮೆಂಟ್. ಅದು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲನ್ನು ಹೋಲುತ್ತದೆ ಅನ್ನುವುದೇ ಕಾರಣ. ಆ ಕಲ್ಲಿನ ಬಣ್ಣ ಕೆನೆಬಿಳಿ.

ಕಪ್ಪು ಮತ್ತು ಬಿಳಿ ಬೆರೆಸಿ ಬೂದು ಮಾಡಬೇಡಿ. ಅದು ನೀಲಿಗೆ ತಿರುಗಿ ಹಡಗಿನ ಬಣ್ಣದಂತೆ ಕಾಣುತ್ತದೆ. ನೀರಿನ ಅಕ್ರಿಲಿಕ್‌ನಲ್ಲಿ ಅಂಬರ್ ಕಂದು ಮತ್ತು ಓಕರ್ ಹಳದಿ ಬೆರೆಸಿ, ಕಪ್ಪು ಒಂದೇ ಒಂದು ತೊಟ್ಟು ಹಾಕಿ. ಒಂದು ಪಾಲು ಬಣ್ಣಕ್ಕೆ ಹದಿನೈದು ಪಾಲು ನೀರು ಸೇರಿಸಿ. ಎರಕದ ಮೇಲೆ ದೊಡ್ಡ ಬ್ರಷ್‌ನಿಂದ ಒಂದೇ ಸಲಕ್ಕೆ ಸವರಿ ಬಿಡಿ. ಒದ್ದೆಯಿದ್ದಾಗ ವಿಪರೀತ ಗಾಢವಾಗಿ ಕಾಣುತ್ತದೆ. ಗಾಬರಿಯಾಗಿ ಒರೆಸಬೇಡಿ. ರಾತ್ರಿಯಿಡೀ ಒಣಗಲಿ, ಬೆಳಿಗ್ಗೆ ಎಷ್ಟೋ ತಿಳಿಯಾಗಿರುತ್ತದೆ. ಸಾಲದಿದ್ದರೆ ಇನ್ನೊಂದು ಸಲ ಹಾಕಿ. ಪ್ಲಾಸ್ಟರ್‌ನಲ್ಲಿ ಕತ್ತಲು ತರುವುದು ಸುಲಭ, ಬೆಳಕು ಮರಳಿ ತರುವುದು ಆಗದ ಮಾತು.

ಎಲ್ಲಾ ತುಂಡುಗಳಿಗೂ ಒಂದೇ ಬಣ್ಣ ಬೇಡ. ಅಸಲಿ ಗೋಡೆಯಲ್ಲಿ ಒಂದೊಂದು ತುಂಡನ್ನು ಒಂದೊಂದು ದಿನ ಸುರಿದಿರುತ್ತಾರೆ. ನೀರು, ಮರಳು, ಬಿಸಿಲು ಬೇರೆ ಬೇರೆ. ಒಂದಕ್ಕೆ ಓಕರ್ ಜಾಸ್ತಿ, ಪಕ್ಕದ್ದಕ್ಕೆ ಕಂದು ಜಾಸ್ತಿ ಮಾಡಿ. ವ್ಯತ್ಯಾಸ ಕಂಡೂ ಕಾಣದಂತಿರಲಿ.

ಈಗ ಕಲೆಗಳು. ಇಲ್ಲೇ ಕೆಲಸ ಕೆಡುವುದು. ಬ್ರಷ್‌ನಲ್ಲಿ ಕಪ್ಪು ತಗೊಂಡು ಅಲ್ಲಿ ಇಲ್ಲಿ ಹಚ್ಚುತ್ತಾರೆ. ಗೋಡೆಯ ಮೇಲಿನ ಬಹುಪಾಲು ಕಲೆ ನೀರು ತಂದದ್ದು. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳಲು ಆಗದಿದ್ದರೆ ಆ ಕಲೆ ಹಾಕಬೇಡಿ.

ಮಳೆನೀರು ಗೋಡೆಯ ತಲೆಯಿಂದ ಇಳಿಯುತ್ತದೆ. ಅಲ್ಲಿ ಕೂತ ದೂಳು, ಮಸಿ ಅದರ ಜೊತೆ ಬರುತ್ತದೆ. ಆದ್ದರಿಂದ ಕಪ್ಪು ಗೀರು ಮೇಲೆ ಗಾಢ, ಕೆಳಗೆ ಇಳಿದಂತೆ ತೆಳು. ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಒಂದು ಟೀ ಚಮಚ ಇಂಡಿಯನ್ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿಟ್ಟುಕೊಳ್ಳಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಗೋಡೆಯನ್ನು ನೆಟ್ಟಗೆ ನಿಲ್ಲಿಸಿ, ಬ್ರಷ್‌ನ ತುದಿಯನ್ನು ಮೇಲಂಚಿಗೆ ಮುಟ್ಟಿಸಿ, ತಾನಾಗಿ ಹರಿಯಲು ಬಿಡಿ. ಗೋಡೆಯನ್ನು ಮಲಗಿಸಿ ಹಾಕಿದರೆ ಇದು ಬರುವುದೇ ಇಲ್ಲ. ಬ್ರಷ್ ತಿಕ್ಕಬೇಡಿ, ಆಲ್ಕೊಹಾಲ್ ಕೆಳಗಿನ ಅಕ್ರಿಲಿಕ್ಕನ್ನು ಮೆತ್ತಗೆ ಮಾಡುತ್ತದೆ.

ತೂತುಗಳ ಕೆಳಗೆ ಕತೆ ಬೇರೆ. ಅಲ್ಲಿಂದ ಬರುವುದು ಮಣ್ಣಿನೊಳಗಿನ ನೀರು. ಒದ್ದೆಯ ಕಂದು ಕಲೆ, ಸುತ್ತ ಪಾಚಿಯ ಮಂಕು ಹಸಿರು. ಎಲ್ಲಾ ತೂತಿಗೂ ಹಾಕಬೇಡಿ. ಐದರಲ್ಲಿ ಎರಡು ಜೋರಾಗಿ ಸುರಿಯಲಿ, ಒಂದು ಪೂರಾ ಒಣಗಿರಲಿ.

ಬಿರುಕು ಮತ್ತು ಕೀಲುಗಳ ಬಳಿ ಬಿಳಿ ಗೀರು. ಕಾಂಕ್ರೀಟ್‌ನೊಳಗಿನ ಸುಣ್ಣ ನೀರಲ್ಲಿ ಕರಗಿ ಹೊರಗೆ ಬರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಗಟ್ಟಿ ಬಿಳಿಯಾಗಿ ಕೂರುತ್ತದೆ. ಇದಕ್ಕೆ ಬಿಳಿ ಚಾಕ್ ಪುಡಿ ಸಾಕು. ಸಣ್ಣ ಬ್ರಷ್‌ನಲ್ಲಿ ಬಿರುಕಿನಿಂದ ಕೆಳಕ್ಕೆ ಎಳೆಯಿರಿ.

ತುಕ್ಕಿನ ಬಣ್ಣ ಎಲ್ಲರಿಗೂ ಇಷ್ಟ, ಹಾಗಾಗಿ ಎಲ್ಲರೂ ಅತಿ ಮಾಡುತ್ತಾರೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದ ಕಡೆ ಮಾತ್ರ ಅದು ಬರುವುದು. ಒಂದು ಮೂಲೆ ಚಕ್ಕೆ ಎದ್ದ ಜಾಗ ಮಾಡಿ, ಅಲ್ಲೊಂದೇ ಗೀರು ಹಾಕಿ. ಹಳಿಯ ಪಕ್ಕ, ಗೋಡೆಯ ಬುಡದಲ್ಲಿ 15 ಮಿ.ಮೀ. ಎತ್ತರದವರೆಗೆ ಕೆಂಗಂದು ಪುಡಿ ತೆಳುವಾಗಿ ಊದಿದ ಹಾಗೆ ಹಚ್ಚಿ. ಅದು ಬ್ರೇಕ್‌ನಿಂದ ಉದುರುವ ಕಬ್ಬಿಣದ ದೂಳು. ನೀರಿಗೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಗೀರು ಬೇಡ, ಮಬ್ಬು ಸಾಕು.

ಕೊನೆಗೆ ಮ್ಯಾಟ್ ವಾರ್ನಿಶ್ ಹೊಡೆಯುವ ಆಸೆ ಬರುತ್ತದೆ. ನನ್ನ ಮಾತು ಕೇಳಿ, ಬೇಡ. ಪುಡಿಯ ಬಣ್ಣ ಅರ್ಧಕ್ಕರ್ಧ ಮಾಯವಾಗುತ್ತದೆ. ಕೈ ತಾಗದ ಜಾಗದಲ್ಲಿರುವ ಗೋಡೆಗೆ ಅದರ ಅಗತ್ಯವೂ ಇಲ್ಲ.

ನಿಲ್ಲಿಸುವುದು

ಗೋಡೆಯ ಮುಖವನ್ನು ಗುಡ್ಡದ ಕಡೆಗೆ ಸ್ವಲ್ಪ ವಾಲಿಸಿ. 69 ಮಿ.ಮೀ. ಎತ್ತರಕ್ಕೆ 3ರಿಂದ 4 ಮಿ.ಮೀ. ಸಾಕು. ಒಂದು ತುಂಡು ಪಕ್ಕದ್ದಕ್ಕಿಂತ ಕಾಗದದ ದಪ್ಪದಷ್ಟು ಮುಂದೆ ಬಂದರೂ ಒಳ್ಳೆಯದೇ, ಕೀಲಿನ ನೆರಳು ಚೆನ್ನಾಗಿ ಬೀಳುತ್ತದೆ. ತಲೆಯ ಮೇಲೆ 3.5 ಮಿ.ಮೀ. ಎತ್ತರದ ಪಟ್ಟಿಯೊಂದನ್ನು ಅರ್ಧ ಮಿ.ಮೀ. ಮುಂದೆ ಚಾಚಿ ಅಂಟಿಸಿ. ಇದನ್ನು ಕಲೆ ಹಾಕುವ ಮೊದಲೇ ಮಾಡಿಕೊಂಡರೆ ಗೀರುಗಳು ಅದರ ಕೆಳಗಿನಿಂದ ಸರಿಯಾಗಿ ಶುರುವಾಗುತ್ತವೆ.

ಬುಡ ನೆಲದ ಮೇಲೆ ಕೂತಂತೆ ಕಾಣಬಾರದು, ನೆಲದೊಳಗಿಂದ ಎದ್ದಂತೆ ಕಾಣಬೇಕು. ಅದಕ್ಕೆ ಗೋಡೆಯನ್ನು 5 ಮಿ.ಮೀ. ಹೆಚ್ಚು ಎತ್ತರ ಮಾಡಿ, ಆ ಭಾಗವನ್ನು ಜಲ್ಲಿ ಮತ್ತು ಮಣ್ಣಿನಲ್ಲಿ ಹೂಳಿ. ಹಿಂದಿನ ಗುಡ್ಡದ ಮಣ್ಣು ಗೋಡೆಯ ತಲೆಗಿಂತ ಒಂದೆರಡು ಮಿ.ಮೀ. ಕೆಳಗೇ ನಿಲ್ಲಲಿ. ಜೋರಾಗಿ ಸುರಿಯುವಂತೆ ಮಾಡಿದ ಎರಡು ತೂತುಗಳ ಬುಡದಲ್ಲಿ ಮಾತ್ರ ಹಸಿರು ಪುಡಿ ಸ್ವಲ್ಪ ದಟ್ಟವಾಗಿ ಉದುರಿಸಿ, ಎರಡು ಎಳೆ ಹುಲ್ಲು ನೆಡಿ.