ಎಕ್ಸ್-ರೇ ಲೇಸರ್ ಕೇಂದ್ರದಲ್ಲಿ ಕಂಟ್ರೋಲ್ ಮತ್ತು ಕಂಪ್ಯೂಟಿಂಗ್ ಅಪ್‌ಗ್ರೇಡ್: ಶಟ್‌ಡೌನ್ ವೇಳೆಯ ಕೈಪಿಡಿ

ಎಕ್ಸ್-ರೇ ಲೇಸರ್ ಯಂತ್ರದ ಕಂಟ್ರೋಲ್ ಸಿಸ್ಟಮ್‌ಗೆ ಕೈಹಾಕಲು ಬೀಮ್ (ಯಂತ್ರದ ಕಿರಣ) ನಿಂತಿರಬೇಕು. ಸಿಗುವ ಆ ಕೆಲವು ವಾರಗಳಲ್ಲಿ ಆಪರೇಟಿಂಗ್ ಸಿಸ್ಟಮ್, ಸ್ವಿಚ್, ಸರ್ವರ್, ಡಿಸ್ಕ್ ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡುವ ಆಸೆ ಹುಟ್ಟುತ್ತದೆ. ಹಾಗೆ ಮಾಡಬೇಡಿ. ಒಂದು ಸಲಕ್ಕೆ ಒಂದೇ ಪದರ ಬದಲಿಸಿ, ಅದು ಮೊದಲಿನಂತೆಯೇ ನಡೆಯುತ್ತಿದೆ ಎಂದು ಅಂಕಿಗಳಿಂದ ಖಚಿತಪಡಿಸಿಕೊಂಡು ಮುಂದಿನದಕ್ಕೆ ಹೋಗಿ. ಎರಡು ಪದರ ಒಟ್ಟಿಗೆ ಬದಲಾದರೆ ಕೆಟ್ಟದ್ದು ಯಾವುದೆಂದು ಹುಡುಕುವುದರಲ್ಲೇ ಶಟ್‌ಡೌನ್ ಮುಗಿದುಹೋಗುತ್ತದೆ.

ಅಪ್‌ಗ್ರೇಡ್ ಮುಂದೂಡುವ ದಾರಿಯೂ ಈಗ ಉಳಿದಿಲ್ಲ. ರೆಡ್ ಹ್ಯಾಟ್ ಲಿನಕ್ಸ್ 7 ಮತ್ತು ಸೆಂಟ್‌ಒಎಸ್ 7ರ ನಿಯಮಿತ ಬೆಂಬಲ 2024ರ ಜೂನ್ 30ಕ್ಕೆ ನಿಂತಿತು. ಯಂತ್ರಗಳ ವೇಗವೂ ಬದಲಾಗಿದೆ: 2009ರಲ್ಲಿ ಮೊದಲ ಬೆಳಕು ಕಂಡ ಸ್ಟ್ಯಾನ್‌ಫರ್ಡ್‌ನ ಎಲ್‌ಸಿಎಲ್‌ಎಸ್ ಸೆಕೆಂಡಿಗೆ 120 ಪಲ್ಸ್ ಕೊಡುತ್ತಿತ್ತು, 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಎಕ್ಸ್-ರೇ ಕೊಟ್ಟ ಎಲ್‌ಸಿಎಲ್‌ಎಸ್-2ರ ಗುರಿ ಸೆಕೆಂಡಿಗೆ ಹತ್ತು ಲಕ್ಷದವರೆಗೆ. ಇಲ್ಲಿನ ವಿವರ ಎಪಿಕ್ಸ್ ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಬಳಸುವ ಕೇಂದ್ರಗಳಿಗೆ ಸಂಬಂಧಿಸಿದ್ದು. ಕರಾಬೊ ಮತ್ತು ಡೂಕ್ಸ್ ಬಳಸುವ ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನಂಥ ಕಡೆ ಸಾಧನಗಳ ಹೆಸರು ಬೇರೆ, ತೊಡಕುಗಳು ಬಹುಪಾಲು ಇವೇ.

ಬೀಮ್ ನಿಲ್ಲುವ ಮೊದಲು

ಪ್ರತಿ ಐಒಸಿಗೂ (ಸಾಧನಗಳನ್ನು ನಡೆಸುವ ಎಪಿಕ್ಸ್ ಪ್ರೋಗ್ರಾಂ) ಒಂದು ಸಾಲು ಬರೆಯಿರಿ: ಯಾವ ಹೋಸ್ಟ್ (ಕಂಪ್ಯೂಟರ್), ಎಪಿಕ್ಸ್‌ನ ಮೂಲಭಾಗವಾದ ಬೇಸ್ ಮತ್ತು ಮಾಡ್ಯೂಲ್‌ಗಳ ಯಾವ ಆವೃತ್ತಿ, ಯಾವ ಟರ್ಮಿನಲ್ ಸರ್ವರ್‌ನ ಯಾವ ಪೋರ್ಟ್, ಮೂಲ ಕೋಡ್ ಎಲ್ಲಿದೆ. ಕೋಡ್ ಸಿಗದ ಐಒಸಿ ಒಂದಾದರೂ ಇದ್ದೇ ಇರುತ್ತದೆ. ಅದು ಈಗಲೇ ಗೊತ್ತಾಗಬೇಕು. ಆಮೇಲೆ, ಬೀಮ್ ಚೆನ್ನಾಗಿ ಓಡುತ್ತಿರುವಾಗಲೇ, ಬರೆಯಬಹುದಾದ ಎಲ್ಲ ಪಿವಿಗಳ (ಹೆಸರಿಟ್ಟ ಒಂದೊಂದು ಅಳತೆ ಅಥವಾ ಸೆಟ್ಟಿಂಗ್) ಮೌಲ್ಯವನ್ನು ಉಳಿಸಿಕೊಳ್ಳಿ. ಆಟೋಸೇವ್ ಫೈಲ್‌ಗಳ (ರೀಸ್ಟಾರ್ಟ್‌ನಲ್ಲಿ ಮರಳಿ ತುಂಬಲು ಐಒಸಿ ಉಳಿಸುವ ಮೌಲ್ಯಗಳು) ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿಡಿ. ಮೋಟರ್‌ಗಳ ಸ್ಥಾನದ ಜೊತೆ ಸ್ಥಾನ ಅಳೆಯುವ ಎನ್‌ಕೋಡರ್‌ನ ಕಚ್ಚಾ ಎಣಿಕೆಯನ್ನೂ ಬರೆದಿಡಿ. ಸ್ಥಾನವೊಂದೇ ಇದ್ದರೆ ಆಫ್‌ಸೆಟ್ ಬದಲಾಯಿತೋ ಮೋಟರೇ ಸರಿಯಿತೋ ಹೇಳಲಾಗದು.

ಸಿಬ್ಬಂದಿ ರಕ್ಷಣಾ ವ್ಯವಸ್ಥೆ ಈ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಅನುಮತಿ, ಪ್ರತ್ಯೇಕ ಮರುಪರೀಕ್ಷೆ ಬೇಕು. ಅದರ ಪಿಎಲ್‌ಸಿಗೆ (ಕೈಗಾರಿಕಾ ನಿಯಂತ್ರಕ) ಹೋಗುವ ಕೇಬಲ್‌ಗಳಿಗೆ ಗುರುತು ಹಚ್ಚಿ, ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಹೊಸ ಆಪರೇಟಿಂಗ್ ಸಿಸ್ಟಮ್ ಮೇಲೆ ಬಿಲ್ಡ್

ಕ್ರಮ ಹೀಗಿರಲಿ: ಮೊದಲು ನೆಟ್‌ವರ್ಕ್, ನಂತರ ಫೈಲ್ ಸರ್ವರ್, ಆಮೇಲೆ ಒಂದೇ ಒಂದು ಪರೀಕ್ಷಾ ಹೋಸ್ಟ್, ಅದು ಸರಿಯಾದರೆ ಒಂದು ಬೀಮ್‌ಲೈನ್, ಕೊನೆಗೆ ಉಳಿದವು.

ಹಳೆಯ ಕೋಡನ್ನು ರೆಡ್ ಹ್ಯಾಟ್ 9ರ ಮೇಲೆ ಬಿಲ್ಡ್ ಮಾಡಿದರೆ ಮೊದಲು ಮುಗ್ಗರಿಸುವುದು ಸಾಧನಗಳೊಡನೆ ಮಾತಾಡುವ ಅಸಿನ್ ಮಾಡ್ಯೂಲ್. ಹಿಂದೆ ಸಿ ಲೈಬ್ರರಿಯ ಜೊತೆಗೇ ಬರುತ್ತಿದ್ದ ಆರ್‌ಪಿಸಿ (ದೂರದ ಪ್ರೋಗ್ರಾಂ ಕರೆಯುವ ವಿಧಾನ) ಹೆಡರ್‌ಗಳು ಈಗ ಅಲ್ಲಿಲ್ಲ. ಟಿಐಆರ್‌ಪಿಸಿ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ, ಅಸಿನ್‌ನ ಸೈಟ್ ಕಾನ್ಫಿಗರೇಶನ್‌ನಲ್ಲಿ ಅದರ ಆಯ್ಕೆಯನ್ನು ಆನ್ ಮಾಡಬೇಕು. ಎರಡನೆಯದು ಎಸ್‌ಎಸ್‌ಎಚ್, ಅಂದರೆ ಸುರಕ್ಷಿತ ದೂರ-ಲಾಗಿನ್. ಹಳೆಯ ಎಸ್‌ಎಚ್‌ಎ-1 ವಿಧಾನದ ಸಹಿಗಳನ್ನು 9ನೇ ಆವೃತ್ತಿ ಡೀಫಾಲ್ಟ್ ಆಗಿ ಒಪ್ಪುವುದಿಲ್ಲ. ಹತ್ತು ವರ್ಷ ಹಳೆಯ ಟರ್ಮಿನಲ್ ಸರ್ವರ್, ಪವರ್ ಸ್ಟ್ರಿಪ್‌ಗಳಿಗೆ ಲಾಗಿನ್ ಆಗುವುದೇ ನಿಲ್ಲಬಹುದು. ಇದಕ್ಕಾಗಿ ಎಲ್ಲ ಹೋಸ್ಟ್‌ಗಳ ಕ್ರಿಪ್ಟೋ ನೀತಿಯನ್ನು ಸಡಿಲಿಸುವುದು ಸೋಮಾರಿತನ. ಒಂದೇ ಜಂಪ್ ಹೋಸ್ಟ್‌ನಲ್ಲಿ (ಬೇರೆಡೆ ಹೋಗಲು ದಾಟುವ ಕಂಪ್ಯೂಟರ್) ಸಡಿಲಿಸಿ, ಹಳೆಯ ಸಾಧನಗಳನ್ನು ಅದರ ಹಿಂದೆ ಇಡಿ.

ಪಲ್ಸ್‌ಗಳ ಸಮಯ ಸಂಕೇತ ಪಡೆಯುವ ಟೈಮಿಂಗ್ ರಿಸೀವರ್ ಕಾರ್ಡ್‌ನ ಡ್ರೈವರ್ ಲಿನಕ್ಸ್ ಕರ್ನಲ್‌ನ ಭಾಗವಲ್ಲದಿದ್ದರೆ ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಬಿಲ್ಡ್ ಮಾಡಬೇಕು. ಆದ್ದರಿಂದ ಆ ಹೋಸ್ಟ್‌ಗಳಲ್ಲಿ ಕರ್ನಲ್‌ನ ತಾನೇತಾನಾದ ಅಪ್‌ಡೇಟ್ ಬಂದ್ ಮಾಡಿ.

ಪಿವಿ ಸಿಗುತ್ತಿಲ್ಲ ಎಂದಾಗ

ಅಪ್‌ಗ್ರೇಡ್ ಆದ ಮೊದಲ ದಿನ ಬರುವ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಪಿವಿಗಳನ್ನು ನೆಟ್‌ವರ್ಕ್‌ನಲ್ಲಿ ಸಾಗಿಸುವ ಎಪಿಕ್ಸ್‌ನ ಹಳೆಯ ಪ್ರೋಟೊಕಾಲ್ ಚಾನೆಲ್ ಆಕ್ಸೆಸ್‌ಗೆ 5064 ಪೋರ್ಟ್‌ನಲ್ಲಿ ಯುಡಿಪಿ ಮತ್ತು ಟಿಸಿಪಿ ಎರಡೂ ಬೇಕು, ಬೀಕನ್‌ಗೆ (ಐಒಸಿ ಇದೆ ಎಂದು ಸಾರುವ ಸಂದೇಶ) 5065 ಯುಡಿಪಿ. ಹೊಸ ಪ್ರೋಟೊಕಾಲ್ ಪಿವಿ ಆಕ್ಸೆಸ್‌ಗೆ 5075 ಟಿಸಿಪಿ, 5076 ಯುಡಿಪಿ. ಹೊಸ ಇನ್‌ಸ್ಟಾಲ್‌ನಲ್ಲಿ ಫೈರ್‌ವಾಲ್ ಆನ್ ಆಗಿಯೇ ಬರುತ್ತದೆ ಎನ್ನುವುದನ್ನು ಮರೆಯಬೇಡಿ. ಒಂದೇ ಹೋಸ್ಟ್‌ನಲ್ಲಿ ಹಲವು ಐಒಸಿ ಓಡುವಾಗ ಎರಡನೆಯದರಿಂದ ಮುಂದಿನವು ಟಿಸಿಪಿಗೆ ಬೇರೆ ಪೋರ್ಟ್ ಹಿಡಿಯುತ್ತವೆ. ಬರೀ 5064 ತೆರೆದರೆ ಹುಡುಕಾಟಕ್ಕೆ ಉತ್ತರ ಬಂದರೂ ಸಂಪರ್ಕ ಬೆಸೆಯುವುದಿಲ್ಲ.

ಇನ್ನೊಂದು ದಾರಿತಪ್ಪಿಸುವ ಸಮಸ್ಯೆ: ಕ್ಲೈಂಟ್‌ನ ವಿಳಾಸಪಟ್ಟಿಯಲ್ಲಿ ಹೋಸ್ಟ್‌ನ ನೇರ ವಿಳಾಸ ಕೊಟ್ಟಿದ್ದರೆ, ಹುಡುಕಾಟದ ಯುಡಿಪಿ ಪ್ಯಾಕೆಟ್ ಆ ಹೋಸ್ಟ್‌ನ ಒಂದೇ ಐಒಸಿಗೆ ತಲುಪುತ್ತದೆ, ಸಾಮಾನ್ಯವಾಗಿ ಕೊನೆಯಲ್ಲಿ ಶುರುವಾದದ್ದಕ್ಕೆ. ಐಒಸಿ ರೀಸ್ಟಾರ್ಟ್ ಮಾಡಿದರೆ ಒಂದರ ಪಿವಿ ಬಂದು ಇನ್ನೊಂದರದು ಮಾಯವಾಗುತ್ತಿದ್ದರೆ ಕಾರಣ ಇದೇ. ಪಟ್ಟಿಯಲ್ಲಿ ಸಬ್‌ನೆಟ್‌ನ ಬ್ರಾಡ್‌ಕಾಸ್ಟ್ ವಿಳಾಸ ಕೊಡಿ.

ಹಳೆಯ ಹೋಸ್ಟನ್ನು ಹಿಂದಿರುಗುವ ದಾರಿಯಾಗಿ ಹಾಗೇ ಉಳಿಸಿಕೊಳ್ಳಿ, ಆದರೆ ಅದರ ಐಒಸಿಗಳು ಬೂಟ್‌ನಲ್ಲಿ ತಾವಾಗಿ ಏಳದಂತೆ ಮಾಡಿ. ವಿದ್ಯುತ್ ಹೋಗಿ ಬಂದಾಗ ಎರಡೂ ಎದ್ದರೆ ಒಂದೇ ಹೆಸರಿನ ಪಿವಿ ಎರಡು ಕಡೆ ಇರುತ್ತದೆ. ಕ್ಲೈಂಟ್ ಎಚ್ಚರಿಕೆ ಮುದ್ರಿಸಿ, ಮೊದಲು ಉತ್ತರಿಸಿದವರ ಜೊತೆ ಹೋಗುತ್ತದೆ. ಆ ಎಚ್ಚರಿಕೆಯನ್ನು ಆಪರೇಟರ್ ಪರದೆಯಲ್ಲಿ ಯಾರೂ ನೋಡುವುದಿಲ್ಲ.

ಬಿಡಿ ಮೌಲ್ಯಗಳು ಬಂದು ಕ್ಯಾಮೆರಾ ಚಿತ್ರ ಮಾತ್ರ ಬರದಿದ್ದರೆ ಅರೇ ಮಿತಿ (ಒಂದು ಸಲಕ್ಕೆ ಕಳಿಸಬಹುದಾದ ಡೇಟಾದ ಗರಿಷ್ಠ ಗಾತ್ರ) ನೋಡಿ. ಹಳೆಯ ಬೇಸ್‌ನಲ್ಲಿ ಅದು 16,384 ಬೈಟ್. 1024×1024 ಅಳತೆಯ 16 ಬಿಟ್ ಚಿತ್ರಕ್ಕೆ 20,97,152 ಬೈಟ್ ಬೇಕು. ಎಪಿಕ್ಸ್ 7 ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಹಳೆಯ ಕ್ಲೈಂಟ್‌ಗಳಿಗೆ ಮಾತ್ರ ಕೈಯಾರೆ ಕೊಡಬೇಕು. ಗಿಗಾಬಿಟ್ ಕ್ಯಾಮೆರಾಗಳಿಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಇಟ್ಟಿದ್ದರೆ, ಪ್ಯಾಕೆಟ್ ಒಡೆಯದಂತೆ ಹೇಳಿ 8972 ಬೈಟ್‌ನ ಪಿಂಗ್ ಕಳಿಸಿ. ಉಳಿದ 28 ಬೈಟ್ ಹೆಡರ್‌ಗಳದು. ದಾರಿಯ ಒಂದು ಸ್ವಿಚ್ ಹೊಂದಿಸದೆ ಉಳಿದಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಮೋಟರ್‌ಗಳು

ಇಲ್ಲಿ ಅವಸರ ಮಾಡಿದರೆ ಮುರಿಯುವುದು ಸಾಫ್ಟ್‌ವೇರ್ ಅಲ್ಲ, ಮೋಟರ್ ಸರಿಸುವ ಕನ್ನಡಿ. ಆಟೋಸೇವ್ ಫೈಲ್ ಓದಲಾಗದೆ ಐಒಸಿ ಎದ್ದರೆ ಚಲನೆಯ ಮಿತಿಗಳೆರಡೂ ಸೊನ್ನೆಯಾಗಿರಬಹುದು, ಮತ್ತು ಎಪಿಕ್ಸ್‌ನ ಮೋಟರ್ ರೆಕಾರ್ಡ್‌ನಲ್ಲಿ ಎರಡೂ ಸೊನ್ನೆ ಎಂದರೆ ಸಾಫ್ಟ್ ಮಿತಿಯೇ ಇಲ್ಲ ಎಂದರ್ಥ. ಆದ್ದರಿಂದ ಡ್ರೈವ್‌ನ ಪವರ್ ಆಫ್ ಇಟ್ಟೇ ಐಒಸಿ ಎಬ್ಬಿಸಿ. ಸ್ಥಾನ, ಎನ್‌ಕೋಡರ್ ಎಣಿಕೆ, ಎರಡೂ ಮಿತಿ, ರೆಸಲ್ಯೂಶನ್‌ನ ಪ್ಲಸ್-ಮೈನಸ್ ಚಿಹ್ನೆ, ವೇಗ ಇವನ್ನು ಹಳೆಯ ಪಟ್ಟಿಯ ಜೊತೆ ಹೋಲಿಸಿ. ಲಿಮಿಟ್ ಸ್ವಿಚ್ಚನ್ನು ಕೈಯಿಂದ ಒತ್ತಿ, ಸರಿಯಾದ ಬದಿಯ ದೀಪವೇ ಹತ್ತುತ್ತದೆಯೇ ನೋಡಿ. ಆಮೇಲಷ್ಟೇ ಪವರ್ ಕೊಟ್ಟು ಒಂದು ಸಣ್ಣ ಚಲನೆ. ಇಂಕ್ರಿಮೆಂಟಲ್ ಎನ್‌ಕೋಡರ್ ಇದ್ದರೆ ಪವರ್ ಹೋಗಿ ಬಂದ ಮೇಲೆ ಹೋಮಿಂಗ್ (ಆಧಾರ ಬಿಂದುವಿಗೆ ಸರಿಸಿ ಎಣಿಕೆ ಹೊಂದಿಸುವುದು) ಬೇಕೇ ಬೇಕು; ಉಳಿಸಿದ ಸ್ಥಾನವನ್ನು ನಂಬಬೇಡಿ.

ಹೊಸ ಫೈಲ್ ಸರ್ವರ್‌ನಲ್ಲಿ ಬಳಕೆದಾರರ ಗುರುತಿನ ಸಂಖ್ಯೆ (ಯುಐಡಿ) ಬದಲಾಗಿದ್ದರೆ ಐಒಸಿ ಆಟೋಸೇವ್ ಫೈಲನ್ನು ಓದಬಲ್ಲದು, ಬರೆಯಲಾರದು. ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಂದಿನ ರೀಸ್ಟಾರ್ಟ್‌ನಲ್ಲಿ ವಾರಗಳ ಹಿಂದಿನ ಮೌಲ್ಯಗಳು ವಾಪಸ್ ಬರುತ್ತವೆ. ಫೈಲ್‌ಗಳ ಮೇಲಿನ ಸಮಯ ಮುಂದೆ ಸರಿಯುತ್ತಿದೆಯೇ ಎಂದು ಮೊದಲ ದಿನವೇ ನೋಡಿ.

ಟೈಮಿಂಗ್

ರಿಸೀವರ್ ಡ್ರೈವರ್ ಲೋಡ್ ಆಗದಿದ್ದರೆ ಐಒಸಿ ಸದ್ದಿಲ್ಲದೆ ಕಂಪ್ಯೂಟರ್ ಗಡಿಯಾರದ ಸಮಯಕ್ಕೆ ಇಳಿಯಬಹುದು. ಮೌಲ್ಯಗಳೆಲ್ಲ ಸರಿ, ಆದರೆ ಯಾವ ಪಲ್ಸ್‌ನದು ಎಂಬುದು ತಪ್ಪು. ಎಲ್‌ಸಿಎಲ್‌ಎಸ್‌ನ 120 ಹರ್ಟ್ಸ್ ವ್ಯವಸ್ಥೆಯಲ್ಲಿ ಟೈಮ್‌ಸ್ಟ್ಯಾಂಪ್‌ನ ನ್ಯಾನೊಸೆಕೆಂಡ್ ಭಾಗದ ಕೆಳಗಿನ 17 ಬಿಟ್‌ಗಳಲ್ಲಿ ಪಲ್ಸ್ ಸಂಖ್ಯೆ ಕೂತಿರುತ್ತದೆ. ಅದು 360 ಹರ್ಟ್ಸ್‌ನಲ್ಲಿ ಏರುವುದರಿಂದ ಒಂದರ ಹಿಂದೆ ಒಂದು ಬರುವ ಎರಡು ಚಿತ್ರಗಳ ನಡುವೆ ಅಂತರ ನಿಖರವಾಗಿ 3 ಇರಬೇಕು. 131,040ಕ್ಕೆ ಮತ್ತೆ ಸೊನ್ನೆಯಾಗುತ್ತದೆ, ಅಂದರೆ 364 ಸೆಕೆಂಡಿಗೊಮ್ಮೆ. ಆದ್ದರಿಂದ ಡೇಟಾ ಜೋಡಿಸುವಾಗ ಸಂಖ್ಯೆಯೊಂದನ್ನೇ ನೆಚ್ಚದೆ ಸೆಕೆಂಡನ್ನೂ ನೋಡಿ. ಸಾವಿರ ಪಲ್ಸ್ ತೆಗೆದು ಅಂತರಗಳನ್ನು ಎಣಿಸುವ ಪುಟ್ಟ ಸ್ಕ್ರಿಪ್ಟ್ ಸಾಕು, ಬೀಮ್ ಬೇಕಿಲ್ಲ.

ಡೇಟಾ ಮತ್ತು ಲೆಕ್ಕದ ಕಡೆ

40 ಲಕ್ಷ ಪಿಕ್ಸೆಲ್‌ನ ಡಿಟೆಕ್ಟರ್, ಪಿಕ್ಸೆಲ್‌ಗೆ 2 ಬೈಟ್, 120 ಹರ್ಟ್ಸ್: ಸೆಕೆಂಡಿಗೆ 960 ಮೆಗಾಬೈಟ್, ಗಂಟೆಗೆ ಸುಮಾರು 3.5 ಟೆರಾಬೈಟ್. ಹೊಸ ಡಿಸ್ಕನ್ನು ಐದು ನಿಮಿಷ ಪರೀಕ್ಷಿಸಿದರೆ ಅಳೆಯುವುದು ಕ್ಯಾಶ್‌ನ ವೇಗವನ್ನು. ಕ್ಯಾಶ್ ತುಂಬಿ ಚೆಲ್ಲುವಷ್ಟು ಹೊತ್ತು ಬರೆಯಿರಿ, ಅದೇ ಹೊತ್ತಿಗೆ ವಿಶ್ಲೇಷಣೆಯ ಓದುವಿಕೆಯೂ ನಡೆಯುತ್ತಿರಲಿ.

ಲೆಕ್ಕದ ಕೆಲಸಗಳನ್ನು ಕಂಪ್ಯೂಟರ್‌ಗಳಿಗೆ ಹಂಚುವ ಸ್ಲರ್ಮ್ ಅಪ್‌ಗ್ರೇಡ್‌ನಲ್ಲಿ ಮೊದಲು ಡೇಟಾಬೇಸ್ ಡೀಮನ್, ಆಮೇಲೆ ಕಂಟ್ರೋಲರ್, ಕೊನೆಗೆ ನೋಡ್‌ಗಳು. ಡೇಟಾಬೇಸ್ ರಚನೆ ಒಮ್ಮೆ ಬದಲಾದರೆ ಹಳೆಯ ಆವೃತ್ತಿ ಅದನ್ನು ಓದದು, ಹಾಗಾಗಿ ಬ್ಯಾಕಪ್ ಮೊದಲು. ವಿಶ್ಲೇಷಣೆಯ ಪೈಥಾನ್ ಪರಿಸರವನ್ನು ಪರೀಕ್ಷಿಸಲು ಹಳೆಯ ರನ್ ಒಂದನ್ನು ಎರಡೂ ಕಡೆ ಓಡಿಸಿ. ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳು ಹೊಂದದಿರುವುದು ಸಹಜ. ಫೋಟಾನ್ ಎಣಿಕೆಯೇ ಬೇರೆಯಾದರೆ ಕ್ಯಾಲಿಬ್ರೇಶನ್ ಫೈಲ್‌ನ ದಾರಿ ತಪ್ಪಿದೆಯೇ ನೋಡಿ.

ಪಿವಿಗಳ ಇತಿಹಾಸ ಉಳಿಸುವ ಆರ್ಕೈವರ್ ಅಪ್ಲೈಯನ್ಸ್‌ನತ್ತಲೂ ಕಣ್ಣಿರಲಿ. ಐಒಸಿಯ ಹೊಸ ಡೇಟಾಬೇಸ್‌ನಲ್ಲಿ ಯಾರಾದರೂ ಪೂರ್ಣಾಂಕದ ರೆಕಾರ್ಡನ್ನು ದಶಮಾಂಶದ್ದಾಗಿ ಬದಲಿಸಿದ್ದರೆ, ಪಿವಿಯ ಡೇಟಾ ಮಾದರಿ (ಟೈಪ್) ಹೊಂದದೆ ಆರ್ಕೈವರ್ ಅದನ್ನು ಉಳಿಸುವುದನ್ನೇ ನಿಲ್ಲಿಸುತ್ತದೆ. ಆಪರೇಟರ್‌ಗೆ ಪರದೆಯಲ್ಲಿ ಮೌಲ್ಯ ಕಾಣುತ್ತಲೇ ಇರುತ್ತದೆ. ಆರ್ಕೈವರ್‌ನಲ್ಲಿ ಆ ಪಿವಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮಾದರಿ ಬದಲಿಸಿ, ಮತ್ತೆ ಶುರು ಮಾಡಬೇಕು. ಮಾದರಿ ಬದಲಾಗಿ ನಿಂತುಹೋದ ಪಿವಿಗಳ ವರದಿಯನ್ನು ಬೀಮ್ ಬರುವ ಹಿಂದಿನ ದಿನ ತೆಗೆಯಿರಿ.