ಮಗುವಿನ ಮೇಲಿನ ತುಟಿ ಎತ್ತಿ ನೋಡಿ

ಚಿಕ್ಕ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಇವತ್ತೇ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಬೆಳಕಿಗೆ ಮುಖ ಮಾಡಿಸಿ, ಮೇಲಿನ ತುಟಿ ಮೆಲ್ಲಗೆ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇದೆಯಾ? ಹುಳುಕು ಶುರುವಾಗುವುದು ಹಾಗೆಯೇ. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಆ ಗೆರೆ ಕಂಡಿತ್ತು. ಹಾಲಿನ ಕಲೆ ಅಂದುಕೊಂಡು ಸುಮ್ನೆ ಬಿಟ್ಟೆ. ಆರು ತಿಂಗಳಲ್ಲಿ ಅಲ್ಲಿ ಕಂದು ಗುಳಿ ಬಿತ್ತು, ರಾತ್ರಿಯೆಲ್ಲಾ ಅತ್ತಳು. ಬಿಳಿ ಗೆರೆ ಇರುವಾಗಲೇ ಹಲ್ಲಿನ ಡಾಕ್ಟರಿಗೆ ತೋರಿಸಿದರೆ, ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಹಚ್ಚಿ ಎಷ್ಟೋ ಸಲ ಅಲ್ಲಿಗೇ ತಡೆಯಬಹುದು.

ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ನಿಪ್ಪಲ್‌ಗೆ ಜೇನು ಸವರಿ ಕೊಡಬೇಡಿ. ನಮ್ಮ ಕೊಡಗಿನ ಜೇನಾದರೂ ಹಲ್ಲಿಗೆ ಅದು ಸಕ್ಕರೆಯೇ. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ಬೇಡವೇ ಬೇಡ, ಬಾಟುಲಿಸಂ ಎಂಬ ಕಾಯಿಲೆ ಬರುವ ಅಪಾಯವಿದೆ.

ಮೊದಲ ಹಲ್ಲು ಬಂದ ದಿನದಿಂದಲೇ ಬ್ರಶ್ ಮಾಡಿ. 3 ವರ್ಷದವರೆಗೆ ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು.

'ಹೇಗೂ ಬೀಳುವ ಹಲ್ಲು' ಅನ್ನಬೇಡಿ. ಹಾಲುಹಲ್ಲುಗಳಲ್ಲಿ ದವಡೆ ಹಲ್ಲುಗಳು ಬೀಳುವುದು 10-12 ವರ್ಷಕ್ಕೆ. ಇನ್ನೊಂದು, 6 ವರ್ಷದ ಹೊತ್ತಿಗೆ ಎಲ್ಲಕ್ಕಿಂತ ಹಿಂದೆ ಬರುವ ದವಡೆ ಹಲ್ಲು ಶಾಶ್ವತ ಹಲ್ಲು. ಯಾವ ಹಲ್ಲೂ ಬೀಳದೆ ಬರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಒಂದು ವರ್ಷ ತುಂಬುವಷ್ಟರಲ್ಲಿ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜೇ ಇದೆ. ಮಳೆ ಹಿಡಿಯುವ ಮುಂಚೆ ಹೋಗಿ ಬನ್ನಿ. ರಸ್ತೆಗೆ ಮರ ಬಿದ್ದ ದಿನವೇ ಮಗುವಿಗೆ ಹಲ್ಲುನೋವು ಬಂದರೆ ತುಂಬಾ ಕಷ್ಟ ಅಲ್ವಾ.