ಲಕ್ಷ ಕಿಲೋಮೀಟರ್ ದಾಟಿದ ವಿದ್ಯುತ್ ಕಾರನ್ನು ಬಿಸಿಲ ಸೀಮೆಯಲ್ಲಿ ಬಾಳಿಸುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಮೊದಮೊದಲು ಕೊಂಡ ವಿದ್ಯುತ್ ಕಾರುಗಳು ಈಗ ಹಳತಾಗುತ್ತಿವೆ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಕಂಪನಿಯ ವಿದ್ಯುತ್ ಕಾರು ನೆಕ್ಸಾನ್ ಇವಿಯ ಬ್ಯಾಟರಿಗೆ ಕಂಪನಿ ಕೊಟ್ಟ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಇವೆರಡರಲ್ಲಿ ಯಾವುದು ಮೊದಲೋ ಅದು. ಬಾಡಿಗೆಗೆ ಓಡುವ ಕಾರು ಕಿಲೋಮೀಟರಿನ ಗಡಿಯನ್ನು ಬೇಗ ಮುಟ್ಟಿದರೆ, ಮನೆಯ ಕಾರು ವರ್ಷಗಳ ಗಡಿಯನ್ನು ಮುಟ್ಟುತ್ತದೆ. ಈ ಗಡಿಯ ಆಸುಪಾಸಿನಲ್ಲಿ ಕಾರು ಸ್ವಲ್ಪ ಮುನಿಸಿಕೊಂಡರೂ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು “ಬ್ಯಾಟರಿ ಹೋಗೇತ್ರಿ” ಎಂಬುದು. ಆ ತೀರ್ಪನ್ನು ಉಳಿದೆಲ್ಲ ಪರೀಕ್ಷೆಗಳು ಮುಗಿದ ಮೇಲಷ್ಟೇ ಒಪ್ಪಿಕೊಳ್ಳಬೇಕು. ಏಕೆಂದರೆ ಹೆಚ್ಚು ಓಡಿದ ಕಾರಿನಲ್ಲಿ ದೊಡ್ಡ ಬ್ಯಾಟರಿಗಿಂತ ಅದರ ಸುತ್ತಲಿನ ಸಣ್ಣ ಭಾಗಗಳೇ ಹೆಚ್ಚಾಗಿ ಕೆಡುತ್ತವೆ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ ಸೀಸ-ಆಮ್ಲದ ಬ್ಯಾಟರಿಗಳಿದ್ದವು, ಅವನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತಿತ್ತು. ಇಂದಿನ ಭಯದಲ್ಲಿ ಒಂದು ಪಾಲು ಆ ಕಾಲದಿಂದ ಉಳಿದು ಬಂದದ್ದು ಎಂದು ನನಗೆ ಅನ್ನಿಸುತ್ತದೆ.

ಮೊದಲು ಅಳೆಯಿರಿ

ಬ್ಯಾಟರಿಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂಬುದನ್ನು ಡ್ಯಾಶ್‌ಬೋರ್ಡಿನ ರೇಂಜ್ ಅಂಕಿಯಿಂದ ತಿಳಿಯಲಾಗದು. ಆ ಅಂಕಿ ಇತ್ತೀಚಿನ ಓಟ, ಎಸಿ ಬಳಕೆ ಮತ್ತು ವೇಗಗಳನ್ನು ಆಧರಿಸಿ ಏರಿಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು ಸಿಂಧನೂರಿನಿಂದ ಬಳ್ಳಾರಿಗೆ ಬಂದವರು ಅದನ್ನು ಡಿಸೆಂಬರಿನ ಓಟದೊಂದಿಗೆ ಹೋಲಿಸಿದರೆ ಬ್ಯಾಟರಿಯ ಮೇಲೆ ಇಲ್ಲದ ಅಪವಾದ ಹೊರಿಸಿದಂತಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ನಂಬಲರ್ಹ ಪರೀಕ್ಷೆಯೊಂದಿದೆ. ಚಾರ್ಜಿಂಗ್ ಲೈನಿಗೆ ಒಂದು ಪ್ರತ್ಯೇಕ ಯೂನಿಟ್ ಮೀಟರ್ ಹಾಕಿಸಿಕೊಳ್ಳಿ. ಕಾರನ್ನು ಶೇ 10ರವರೆಗೆ ಇಳಿಸಿ, ಮನೆಯ ನಿಧಾನದ ಚಾರ್ಜರಿನಲ್ಲಿ ಶೇ 100ರವರೆಗೆ ತುಂಬಿಸಿ, ಮೀಟರ್ ಎಷ್ಟು ಯೂನಿಟ್ ತೋರಿಸಿತು ಎಂದು ಬರೆದಿಡಿ. ಗೋಡೆಯಿಂದ ಹೊರಟ ವಿದ್ಯುತ್ತಿನಲ್ಲಿ ಸುಮಾರು ಶೇ 10ರಿಂದ 15ರಷ್ಟು ಕಾರಿನೊಳಗಿನ ಚಾರ್ಜರಿನಲ್ಲಿ ಶಾಖವಾಗಿ ಹೋಗುತ್ತದೆ. 30.2 ಕಿಲೋವ್ಯಾಟ್-ಅವರ್ (ಅಂದರೆ ಯೂನಿಟ್) ಸಾಮರ್ಥ್ಯದ ಪ್ಯಾಕ್, ಅಂದರೆ ಕಾರಿನ ದೊಡ್ಡ ಬ್ಯಾಟರಿ, ಹೊಸದಾಗಿದ್ದಾಗ ಈ ಪರೀಕ್ಷೆಯಲ್ಲಿ ಸುಮಾರು 31 ಯೂನಿಟ್ ಬೇಕಾಗುತ್ತದೆ. ಅದೇ ಕಾರು ಈಗ 26 ಯೂನಿಟ್ ಮಾತ್ರ ತೆಗೆದುಕೊಂಡರೆ ಸಾಮರ್ಥ್ಯ ಶೇ 84ರ ಸಮೀಪ ಉಳಿದಿದೆ ಎಂದು ಲೆಕ್ಕ ಹಾಕಬಹುದು. ಒಂದು ಸಲದ ಅಂಕಿಯನ್ನು ನೆಚ್ಚಬೇಡಿ. ಆರು ತಿಂಗಳಿಗೊಮ್ಮೆ, ಸಾಧ್ಯವಾದಷ್ಟು ಒಂದೇ ಬಗೆಯ ಹವೆಯಲ್ಲಿ ಅಳೆದ ಅಂಕಿಗಳ ಸಾಲನ್ನು ನೋಡಿ. ಕಾರಿನ ದೋಷಪರೀಕ್ಷೆಗೆಂದು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನವಿದ್ದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಸೆಲ್‌ಗಳ ನಡುವಿನ ಅಂತರವೂ ಕಾಣುತ್ತದೆ. ಪ್ಯಾಕ್ ಪೂರ್ತಿ ಸಮವಾಗಿ ಮುಪ್ಪಾಗುತ್ತಿದೆಯೋ ಅಥವಾ ಒಂದೇ ಒಂದು ಸೆಲ್ ಹಿಂದುಳಿದು ಉಳಿದವನ್ನು ಎಳೆಯುತ್ತಿದೆಯೋ ಎಂಬುದು ಈ ಅಂತರದಿಂದಲೇ ತಿಳಿಯುವುದು. ಮೊದಲನೆಯದು ಸಹಜ, ಎರಡನೆಯದು ರಿಪೇರಿಯ ವಿಷಯ.

ಇಲ್ಲಿ ಸೆಲ್‌ಗಳ ರಸಾಯನವನ್ನೂ ಅರಿತಿರಬೇಕು. ನೆಕ್ಸಾನ್ ಇವಿಯಲ್ಲಿರುವಂಥ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಸೆಲ್‌ಗಳಲ್ಲಿ ಚಾರ್ಜ್ ಇಳಿಯುತ್ತಾ ಹೋದರೂ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುತ್ತದೆ, ಆದ್ದರಿಂದ ಉಳಿದ ಚಾರ್ಜಿನ ಅಂದಾಜು ಕಾಲಕ್ರಮೇಣ ತಪ್ಪುತ್ತದೆ. ಶೇ 20 ಎಂದು ತೋರಿಸುತ್ತಿದ್ದ ಕಾರು ಏಕಾಏಕಿ ಶೇ 5ಕ್ಕೆ ಕುಸಿದರೆ ಗಾಬರಿಯಾಗದೆ, ಮೊದಲು ನಿಧಾನದ ಚಾರ್ಜರಿನಲ್ಲಿ ಶೇ 100ರವರೆಗೆ ತುಂಬಿಸಿ, ಅದಾದ ಮೇಲೂ ಸ್ವಲ್ಪ ಹೊತ್ತು ಪ್ಲಗ್‌ನಲ್ಲೇ ಬಿಟ್ಟು, ಸೆಲ್‌ಗಳು ಸಮವಾಗಲು ಅವಕಾಶ ಕೊಡಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಇಂಥ ಅನೇಕ ದೂರುಗಳು ಖರ್ಚಿಲ್ಲದೆ ತೀರುತ್ತವೆ. ಎಂಜಿ ಜೆಡ್‌ಎಸ್ ಇವಿಯ 44.5 ಕಿಲೋವ್ಯಾಟ್-ಅವರ್ ಮಾದರಿಯಲ್ಲಿದ್ದಂಥ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್‌ಗಳಿಗೆ ನಿತ್ಯ ಶೇ 100ರ ಚಾರ್ಜ್ ಒಳ್ಳೆಯದಲ್ಲ. ದಿನದ ಓಡಾಟಕ್ಕೆ ಶೇ 80 ಸಾಕು.

ಬಿಸಿಲು

ಲಿಥಿಯಂ ಸೆಲ್ ಬಳಸಿದರೂ ಮುಪ್ಪಾಗುತ್ತದೆ, ಸುಮ್ಮನೆ ನಿಂತರೂ ಮುಪ್ಪಾಗುತ್ತದೆ. ಎರಡನ್ನೂ ಶಾಖ ಚುರುಕುಗೊಳಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಸೀಮೆಯಲ್ಲಿ ತುಂಬಿದ ಬ್ಯಾಟರಿಯೊಂದಿಗೆ ಕಾರನ್ನು ದಿನವಿಡೀ ಬಯಲಲ್ಲಿ ನಿಲ್ಲಿಸುವುದು ಅತಿ ಹಾನಿಕರ ಅಭ್ಯಾಸ. ಚಾರ್ಜ್ ಬೆಳಗಿನ ಜಾವ, ಹೊರಡುವ ಹೊತ್ತಿಗೆ ಸರಿಯಾಗಿ ಮುಗಿಯುವಂತೆ ಸಮಯ ಹೊಂದಿಸಿ. ಹೆದ್ದಾರಿಯಲ್ಲಿ ಓಡಿ ಕಾದು ಬಂದ ಕಾರನ್ನು ಮನೆಗೆ ತಲುಪಿದ ಕೂಡಲೇ ಪ್ಲಗ್‌ಗೆ ಹಾಕುವ ಬದಲು ಊಟ ಮುಗಿಸಿ ಹಾಕಿ. ಊರಿಗೆ ಹೋಗಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಅರ್ಧದಷ್ಟು ಚಾರ್ಜ್ ಇಟ್ಟು ನೆರಳಿನಲ್ಲಿ ಬಿಡಿ. ಕಲ್ನಾರು ತಗಡಿನ ಶೆಡ್ಡು ಕೂಡ ಬಯಲಿಗಿಂತ ಮೇಲು.

ಅರ್ಥಿಂಗ್ ಮತ್ತು ಸಾಕೆಟ್

ಕಾರು ಚಾರ್ಜ್ ಆಗುತ್ತಿಲ್ಲ ಎಂಬ ದೂರಿನ ಮೂಲ ಎಷ್ಟೋ ಸಲ ಮನೆಯ ಗೋಡೆಯಲ್ಲಿರುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಾಯಿಬಿಟ್ಟಾಗ ಅರ್ಥಿಂಗ್ ಗುಂಡಿಯ ಸರಳಿಗೂ ಮಣ್ಣಿಗೂ ಇದ್ದ ಸಂಪರ್ಕ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಸರಿಯಾಗಿದ್ದ ಚಾರ್ಜರ್ ಮೇ ತಿಂಗಳಲ್ಲಿ ಕೆಂಪು ದೀಪ ತೋರಿಸಿ ನಿಲ್ಲುವುದು ಇದರಿಂದಲೇ. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. ಅದು ಎರಡು-ಮೂರು ವೋಲ್ಟ್ ಮೀರಿದರೆ ಗುಂಡಿಗೆ ನೀರು ಹಾಕಿಸಿ, ಆಗಲೂ ಇಳಿಯದಿದ್ದರೆ ಹೊಸ ಗುಂಡಿ ತೋಡಿಸಿ. ಅರ್ಥ್ ಇಲ್ಲವೆಂದು ಚಾರ್ಜರ್ ನಿಂತಾಗ ನ್ಯೂಟ್ರಲ್ ಅನ್ನೇ ಅರ್ಥ್ ಪಿನ್ನಿಗೆ ಜೋಡಿಸಿ ಕೊಡುವ ಚಾಳಿ ಕೆಲವು ಕಡೆ ಇದೆ. ನ್ಯೂಟ್ರಲ್ ತಂತಿ ಕಡಿದ ದಿನ ಕಾರಿನ ಮೈಯೆಲ್ಲ ಕರೆಂಟ್ ಹರಿಯುವ ಈ ಕೆಲಸವನ್ನು ಯಾರು ಸಲಹೆ ಮಾಡಿದರೂ ಒಪ್ಪಬೇಡಿ.

16 ಆಂಪಿಯರ್ ಸಾಕೆಟ್ಟಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಹೊರೆ ಮೀರಿದರೆ ಕರೆಂಟ್ ಕಡಿಯುವ ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಗಂಟೆಗಟ್ಟಲೆ ಪೂರ್ಣ ಹೊರೆ ಹೊರುವ ಸಾಕೆಟ್ಟಿನ ಹಿಡಿತ ಸಡಿಲವಾಗುತ್ತದೆ. ಪಿನ್ನಿನ ಸುತ್ತ ಕಂದು ಬಣ್ಣ ಕಂಡರೆ ಅಂದೇ ಬದಲಿಸಿ. ಜೆಸ್ಕಾಂ ಫೀಡರಿನ ಕೊನೆಯಲ್ಲಿರುವ ಹಳ್ಳಿಗಳಲ್ಲಿ ಪಂಪ್‌ಸೆಟ್ ಹೊರೆ ಏರಿದಾಗ ವೋಲ್ಟೇಜ್ ಇಳಿಯುವುದು ಹಾಗೂ ಲೈನ್ ಮರಳಿ ಬಂದಾಗ ಒಮ್ಮೆಲೆ ಜಿಗಿಯುವುದು ಎಲ್ಲರಿಗೂ ಗೊತ್ತಿದೆ. ಕಾರಿನೊಳಗಿನ ಚಾರ್ಜರ್ ಬೆಲೆಬಾಳುವ ಭಾಗವಾದ್ದರಿಂದ ಸರ್ಜ್ ರಕ್ಷಕ ಸಾಧನಕ್ಕೆ ಹಣ ಹಾಕುವುದು ಜಾಣತನ.

ಚಿಕ್ಕ ಬ್ಯಾಟರಿ

ಒಂದು ಮುಂಜಾನೆ ಡ್ಯಾಶ್‌ಬೋರ್ಡಿನಲ್ಲಿ ಇರುವ ದೀಪಗಳೆಲ್ಲ ಒಟ್ಟಿಗೆ ಉರಿದು ಕಾರು ಹೊರಡದಿದ್ದರೆ ಮೊದಲು ಸಂಶಯಿಸಬೇಕಾದದ್ದು 12 ವೋಲ್ಟಿನ ಬ್ಯಾಟರಿಯನ್ನು. ದೊಡ್ಡ ಪ್ಯಾಕನ್ನು ಕಾರಿಗೆ ಜೋಡಿಸುವ ಕಾಂಟ್ಯಾಕ್ಟರುಗಳು ತೆರೆದು ಮುಚ್ಚುವುದು ಈ ಚಿಕ್ಕ ಬ್ಯಾಟರಿಯ ಬಲದಿಂದ. ಇದು ಸೊರಗಿದರೆ ದೊಡ್ಡ ಪ್ಯಾಕ್ ತುಂಬಿದ್ದರೂ ಉಪಯೋಗವಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಇದರ ವೋಲ್ಟೇಜ್ 12.4ಕ್ಕಿಂತ ಮೇಲಿರಬೇಕು, ಕಾರು ರೆಡಿ ಸ್ಥಿತಿಗೆ ಬಂದಾಗ 13.5ರಿಂದ 14.5ರ ನಡುವೆ ಬರಬೇಕು. ಮೊದಲ ಅಂಕಿ ಕಡಿಮೆಯಿದ್ದರೆ ಬ್ಯಾಟರಿ ಹಳತಾಗಿದೆ. ಎರಡನೆಯದು ಏರದಿದ್ದರೆ ಅದನ್ನು ತುಂಬಿಸುವ ಡಿಸಿ-ಡಿಸಿ ಪರಿವರ್ತಕವನ್ನು ನೋಡಿಸಿ. ನಮ್ಮ ಬಿಸಿಲಿಗೆ ಮೂರು ವರ್ಷ ಬಾಳಿದ 12 ವೋಲ್ಟ್ ಬ್ಯಾಟರಿಯನ್ನು ಕೈಕೊಡುವ ಮುನ್ನವೇ ಬದಲಿಸುವುದು ಲೇಸು.

ತಂಪು, ದೂಳು, ಇಲಿ

ದ್ರವದಿಂದ ತಂಪಾಗುವ ಪ್ಯಾಕ್ ಇರುವ ಹೆಚ್ಚಿನ ಕಾರುಗಳಲ್ಲಿ ಕೂತವರಿಗೆ ತಂಪು ಕೊಡುವ ಎಸಿಯೇ ಬ್ಯಾಟರಿಯನ್ನೂ ತಂಪಾಗಿಡುತ್ತದೆ. ಹೀಗಾಗಿ ಎಸಿ ಗ್ಯಾಸ್ ಕಡಿಮೆಯಾದರೆ ಫಾಸ್ಟ್ ಚಾರ್ಜಿಂಗ್ ನಡುವೆಯೇ ವೇಗ ಕುಸಿಯುತ್ತದೆ, ಜನ ಅದಕ್ಕೂ ಬ್ಯಾಟರಿಯನ್ನೇ ದೂರುತ್ತಾರೆ. ಗ್ಯಾಸ್ ತುಂಬಿಸುವಾಗ ಒಂದು ಎಚ್ಚರಿಕೆ ಅತ್ಯಗತ್ಯ. ವಿದ್ಯುತ್ ಕಂಪ್ರೆಸರಿನ ಒಳಗಿನ ಮೋಟರ್ ನೂರಾರು ವೋಲ್ಟಿನಲ್ಲಿ ಓಡುವುದರಿಂದ ಅದಕ್ಕೆ ವಿದ್ಯುತ್ ಹರಿಯಗೊಡದ ಪಿಒಇ ವರ್ಗದ ಎಣ್ಣೆಯೇ ಬೇಕು. ಪೆಟ್ರೋಲ್ ಕಾರುಗಳಿಗೆ ಹಾಕುವ ಪಿಎಜಿ ಎಣ್ಣೆ ಅದೇ ಯಂತ್ರದಿಂದ ಸ್ವಲ್ಪ ಸೇರಿಕೊಂಡರೂ ಇನ್ಸುಲೇಷನ್ ದೋಷ ಹುಟ್ಟಿ ಕಾರು ಓಡಲು ನಿರಾಕರಿಸಬಹುದು. ಎಸಿ ಮೆಕ್ಯಾನಿಕ್ಕಿಗೆ ಇದನ್ನು ಕೆಲಸ ಶುರುವಾಗುವ ಮೊದಲೇ ಹೇಳಿ, ಎಣ್ಣೆಯ ಡಬ್ಬಿಯನ್ನು ಕಣ್ಣಾರೆ ನೋಡಿ. ಕೂಲೆಂಟನ್ನು ಕೈಪಿಡಿ ಹೇಳಿದ್ದನ್ನೇ ಹಾಕಿಸಿ. ಬೋರ್‌ವೆಲ್ಲಿನ ಗಡಸು ನೀರು ಒಂದು ಲೋಟದಷ್ಟೂ ಬೇಡ.

ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ದೂಳು, ಗಂಗಾವತಿ, ಸಿಂಧನೂರು ಕಡೆ ಸುಗ್ಗಿಯಲ್ಲಿ ಭತ್ತದ ಹೊಟ್ಟು, ಎರಡೂ ರೇಡಿಯೇಟರಿನ ಸಂದುಗಳಲ್ಲಿ ಕೂರುತ್ತವೆ. ಒಳಗಿನಿಂದ ಹೊರಕ್ಕೆ ಮೆಲುವಾಗಿ ಗಾಳಿ ಊದಿಸಿ ತೆಗೆಸಿ. ಜೋರು ನೀರಿನ ಗನ್ನನ್ನು ಹೆಚ್ಚು ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲಿನ ಕನೆಕ್ಟರುಗಳಿಗೆ ಹಿಡಿಯುವುದು ಬೇಡ. ಕಾಲುವೆ ಬಯಲಿನಲ್ಲಿ ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಆಸರೆ ಹುಡುಕಿ ಕಾರಿನೊಳಕ್ಕೆ ಸೇರುತ್ತವೆ. ಸಣ್ಣ ವೈರ್ ಕಡಿದರೆ ಬೆಸೆಯಬಹುದು. ಕಿತ್ತಳೆ ಕೇಬಲ್ಲಿಗೆ ಹಲ್ಲು ತಾಗಿದ್ದರೆ ಟೇಪ್ ಸುತ್ತುವ ಮಾತೇ ಇಲ್ಲ, ಕೇಬಲ್ ಬದಲಿಸಬೇಕು.

ಬ್ರೇಕಿನ ವಿಷಯ ಚಿಕ್ಕದು. ಮೋಟರೇ ವೇಗ ತಗ್ಗಿಸುವುದರಿಂದ ಪ್ಯಾಡುಗಳು ಸವೆಯುವುದಕ್ಕಿಂತ ತುಕ್ಕು ಹಿಡಿದು ಕಚ್ಚಿಕೊಳ್ಳುವುದೇ ಹೆಚ್ಚು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಿ, ಕ್ಯಾಲಿಪರ್ ಪಿನ್ನುಗಳಿಗೆ ಗ್ರೀಸ್ ಹಾಕಿಸಿ. ಟೈರುಗಳು ಮಾತ್ರ ಕಾರಿನ ತೂಕದಿಂದ ಬೇಗ ಸವೆಯುತ್ತವೆ. ಹೊಸದು ಕೊಳ್ಳುವಾಗ ಹಳೆಯದರ ಲೋಡ್ ಸೂಚಿಗಿಂತ (ಟೈರು ಹೊರಬಲ್ಲ ತೂಕದ ಅಂಕಿ) ಕಡಿಮೆಯದನ್ನು ಕೊಳ್ಳಬೇಡಿ.

ಪ್ಯಾಕ್ ತೆರೆಯಲೇಬೇಕಾದಾಗ

ವಾರಂಟಿ ಉಳಿದಿದ್ದರೆ ಹೊರಗಿನವರ ಕೈಯಲ್ಲಿ ಪ್ಯಾಕ್ ಮುಟ್ಟಿಸಬೇಡಿ. ಸೀಲ್ ಮುರಿದರೆ ಹಕ್ಕೂ ಮುರಿಯುತ್ತದೆ. ಗಡಿ ಮುಗಿಯಲು ಆರು ತಿಂಗಳೋ ಹತ್ತು ಸಾವಿರ ಕಿಲೋಮೀಟರೋ ಇರುವಾಗಲೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿಯನ್ನು ಮುದ್ರಿಸಿ ಕೇಳಿ, ದೂರಿದ್ದರೆ ಜಾಬ್ ಕಾರ್ಡಿನಲ್ಲಿ ಬರೆಸಿ. ಹಲವು ತಯಾರಕರು ಬ್ಯಾಟರಿಯ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಮಾತ್ರ ಬದಲಿಸುತ್ತಾರೆ. ನಿಮ್ಮ ಕಾರಿನ ಗಡಿ ವಾರಂಟಿ ಪುಸ್ತಿಕೆಯಲ್ಲಿರುತ್ತದೆ. ಬಾಯಿಮಾತಿನ ದೂರಿಗೆ ಗಡಿ ಮುಗಿದ ಮೇಲೆ ಬೆಲೆಯಿಲ್ಲ.

ವಾರಂಟಿ ಮುಗಿದ ಕಾರಿನ ಪ್ಯಾಕ್ ತೆರೆಯುವುದು ಮನೆಯ ಅಂಗಳದ ಕೆಲಸವಲ್ಲ. 300 ವೋಲ್ಟಿನ ಆಸುಪಾಸಿನ ಡಿಸಿ ವಿದ್ಯುತ್ ಜೀವ ತೆಗೆಯಲು ಸಾಕು. 12 ವೋಲ್ಟಿನ ತಂತಿ ಕಳಚಿ, ಪ್ಯಾಕಿನ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕೆಪಾಸಿಟರುಗಳು ಬರಿದಾಗಲು ಕನಿಷ್ಠ ಹತ್ತು ನಿಮಿಷ ಕಾದು, 1000 ವೋಲ್ಟಿನ ರಬ್ಬರ್ ಗ್ಲೌಸ್ ಹಾಕಿಕೊಂಡು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕುವವರು ಮಾತ್ರ ಈ ಕೆಲಸ ಬಲ್ಲವರು. ಆಗಲೂ ಪೆಟ್ಟಿಗೆಯ ಒಳಗಿನ ಸೆಲ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ರಿಪೇರಿ ಮಾಡುವವರನ್ನು ಮೂರು ಪ್ರಶ್ನೆ ಕೇಳಿ: ಹೊಸದಾಗಿ ಹಾಕುವ ಮಾಡ್ಯೂಲಿನ (ಸೆಲ್‌ಗಳ ಕಟ್ಟಿನ) ಸಾಮರ್ಥ್ಯವನ್ನು ಹಳೆಯವುಗಳಿಗೆ ಹೇಗೆ ಹೊಂದಿಸುತ್ತೀರಿ, ಜೋಡಿಸುವ ಮೊದಲು ಅದನ್ನು ಉಳಿದವುಗಳ ವೋಲ್ಟೇಜಿಗೆ ತರುತ್ತೀರಾ, ಮುಚ್ಚಿದ ಮೇಲೆ ನೀರು-ಗಾಳಿ ಸೋರಿಕೆಯ ಪರೀಕ್ಷೆ ಮಾಡುತ್ತೀರಾ? ಈ ಮೂರಕ್ಕೂ ಸ್ಪಷ್ಟ ಉತ್ತರ ಸಿಗದ ಕಡೆ ದರ ಎಷ್ಟೇ ಕಡಿಮೆಯಿದ್ದರೂ ಕಾರು ಬಿಡಬೇಡಿ. ದೋಷ ಸೆಲ್‌ನಲ್ಲಿಲ್ಲದೆ ಕಾಂಟ್ಯಾಕ್ಟರಿನಲ್ಲೋ ಫ್ಯೂಸಿನಲ್ಲೋ ಬ್ಯಾಟರಿಯನ್ನು ನಿಯಂತ್ರಿಸುವ ಬಿಎಂಎಸ್ ಬೋರ್ಡಿನಲ್ಲೋ ಇರಬಹುದು. ದೋಷಸಂಕೇತದ ಪ್ರತಿ ಕೇಳಿ ಪಡೆಯುವುದು ನಿಮ್ಮ ಹಕ್ಕೆಂದೇ ತಿಳಿಯಿರಿ.

ಪೂರ್ತಿ ಪ್ಯಾಕ್ ಬದಲಿಸಲೇಬೇಕಾಗಿ ಬಂದರೆ ಲಿಖಿತ ದರಪಟ್ಟಿ ಪಡೆದು, ತೆರಿಗೆ, ಕೂಲಿ, ಹೊಸ ಪ್ಯಾಕಿನ ವಾರಂಟಿ, ಹಳೆಯ ಪ್ಯಾಕಿಗೆ ಸಿಗುವ ಕಡಿತ ಇವೆಲ್ಲ ಅದರಲ್ಲಿವೆಯೇ ಎಂದು ನೋಡಿ, ಒಟ್ಟು ಮೊತ್ತವನ್ನು ಅದೇ ಮಾದರಿಯ ಹಳೆಯ ಕಾರಿನ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸಿ. ಕಳಚಿದ ಪ್ಯಾಕನ್ನು ಗುಜರಿಯವರಿಗೆ ಮಾರಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಮರುಬಳಕೆಯ ಹೊಣೆ ತಯಾರಕರದ್ದು. ಬದಲಿಸಿಕೊಟ್ಟವರೇ ಅದನ್ನು ವಾಪಸು ಪಡೆದು, ಪಡೆದದ್ದಕ್ಕೆ ರಸೀದಿ ಕೊಡುವಂತೆ ದರಪಟ್ಟಿಯಲ್ಲೇ ಬರೆಸಿಕೊಳ್ಳಿ.